ಗಾಲಿಯ ಮೇಲಿನ ಒಲೆ

ನನ್ನ ಹಾಸ್ಟೆಲ್ ಕೋಣೆಯ ಮಂಚದ ಕೆಳಗೆ ಒಂದು ಇಂಡಕ್ಷನ್ ಒಲೆಯಿದೆ. ನಿಯಮದ ಪ್ರಕಾರ ಇರಬಾರದು. ರಾತ್ರಿ ಅನ್ನಕ್ಕಿಟ್ಟ ಹೊತ್ತಿಗೇ ಪಕ್ಕದ ಕೋಣೆಯವನು ಕೆಟಲ್ ಹಾಕಿದನೆಂದರೆ ಇಡೀ ಸಾಲು ಕತ್ತಲಾಗುತ್ತದೆ. ಕಳೆದ ವರ್ಷ ಇಂಗ್ಲೆಂಡಿನಲ್ಲಿರುವ ಧಾರವಾಡದ ಗೆಳೆಯ ಬಾಡಿಗೆಯ ಕ್ಯಾರವಾನಿನಿಂದ ಫೋನ್ ಮಾಡಿದ. "ಇಲ್ಲೂ ನಿಮ್ಮ ಹಾಸ್ಟೆಲ್ ಕತಿನೇ ಐತಿ ನೋಡಪಾ. ಕೆಟಲ್ ಹಚ್ಚಿದ್ರ ಒಲಿ ಬಂದ್ ಮಾಡಬೇಕು" ಅಂದ. ಆ ಮಾತಿನ ಬೆನ್ನು ಹತ್ತಿ ಗಾಲಿಮನೆಗಳ ಒಲೆಗಳ ಬಗ್ಗೆ ಓದತೊಡಗಿದೆ. ಪಿಎಚ್‌ಡಿ ಅಧ್ಯಾಯವನ್ನು ಮುಂದೂಡಲು ನನಗೂ ಒಂದು ನೆಪ ಬೇಕಿತ್ತು.

ಬ್ರಿಟನ್ನಿನಲ್ಲಿ ಗಾಲಿಯ ಮೇಲೆ ಮನೆ ಮಾಡಿಕೊಂಡವರೆಂದರೆ ಮೊದಲು ನೆನಪಾಗುವವರು ರೋಮಾ ಜನ. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೆ ಅವರದು ಹೆಚ್ಚಾಗಿ ಡೇರೆಯ ಬದುಕು. ಆಮೇಲೆ ಕುದುರೆ ಎಳೆಯುವ ಮರದ ವ್ಯಾಗನ್ನುಗಳು ಬಂದವು. ಒಳಗೆ ಬೀಡುಕಬ್ಬಿಣದ ಒಲೆ, ಛಾವಣಿ ದಾಟುವ ಹೊಗೆಕೊಳವೆ. ರಸ್ತೆಬದಿಯ ಕೊಂಬೆಗಳು ತಾಗದಂತೆ ಕೊಳವೆಯನ್ನು ರಸ್ತೆಯ ನಡುವಿನ ಕಡೆಗೆ ಇಡುತ್ತಿದ್ದರು. ಆದರೂ ಹವೆ ಚೆನ್ನಾಗಿದ್ದರೆ ಅಡುಗೆ ಹೊರಗೇ, ನೆಲದ ಬೆಂಕಿಯ ಮೇಲೆ. ರೋಮಾನಿ ಭಾಷೆಯಲ್ಲಿ ಬೆಂಕಿಗೆ 'ಯಾಗ್' ಎನ್ನುತ್ತಾರೆ. ಅದರ ಮೂಲ ಪ್ರಾಕೃತದ 'ಅಗ್ಗಿ'. ನಮ್ಮ ಅಗ್ಗಿಷ್ಟಿಕೆಯಲ್ಲಿ ಕೂತಿರುವುದೂ ಅದೇ ಅಗ್ಗಿ. ಭಾರತ ಬಿಟ್ಟು ಶತಮಾನಗಳಾದ ಮೇಲೂ ಒಂದು ಶಬ್ದ ಒಲೆಯ ಜೊತೆಗೇ ಊರೂರು ಸುತ್ತಿದೆ.

1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾದಳದ ವೈದ್ಯ, ಮಕ್ಕಳ ಕತೆಗಾರ, ಇಂಥದೇ ಬಂಡಿಯೊಂದನ್ನು ಬ್ರಿಸ್ಟಲ್ಲಿನಲ್ಲಿ ಮಾಡಿಸಿದ. ಹೆಸರು 'ವಾಂಡರರ್'. ತೂಕ ಸುಮಾರು ಎರಡು ಟನ್, ಎಳೆಯಲು ಎರಡು ಕುದುರೆ, ಹಿಂಬದಿಯಲ್ಲಿ ಎಣ್ಣೆ ಒಲೆಯಿದ್ದ ಪುಟ್ಟ ಅಡುಗೆಕೋಣೆ. ಸೇವಕ ಮುಂದೆ ಮೂರು ಗಾಲಿಯ ಸೈಕಲ್ಲಿನಲ್ಲಿ ಹೋಗಿ ದಾರಿ ನೋಡುತ್ತಿದ್ದ. ಮರುವರ್ಷ ಪ್ರವಾಸದ ಪುಸ್ತಕ ಬಂತು. ಸಿರಿವಂತರಿಗೆ ಗಾಲಿಮನೆಯ ಹುಚ್ಚು ಹಿಡಿಯಿತು. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿದಾಗ ಸ್ಟೇಬಲ್ಸ್ ಅದರ ಉಪಾಧ್ಯಕ್ಷ.

ಅದೇ 1880ರ ದಶಕದಲ್ಲಿ ಜಾರ್ಜ್ ಸ್ಮಿತ್ ಎಂಬ ಸುಧಾರಕ, ಗಾಲಿಮನೆಗಳನ್ನೆಲ್ಲ ನೋಂದಾಯಿಸಬೇಕು, ಅಧಿಕಾರಿಗಳು ಒಳಹೊಕ್ಕು ತಪಾಸಣೆ ಮಾಡಬೇಕು ಎಂಬ ಮಸೂದೆಗಾಗಿ ಹೋರಾಡುತ್ತಿದ್ದ. ಅವನ ಕಣ್ಣಿದ್ದದ್ದು ರೋಮಾಗಳ ಮೇಲೆ, ಜಾತ್ರೆಯ ಆಟದವರ ಮೇಲೆ. ಆಟದವರು 1889ರಲ್ಲಿ ಸಂಘ ಕಟ್ಟಿಕೊಂಡು ಎದುರು ನಿಂತರು. ಮಸೂದೆ ಪಾಸಾಗಲೇ ಇಲ್ಲ. ಆದರೆ ಒಂದೇ ಬಗೆಯ ಒಲೆ ಒಬ್ಬನ ಬಂಡಿಯಲ್ಲಿ ವಿಹಾರ, ಇನ್ನೊಬ್ಬನ ಬಂಡಿಯಲ್ಲಿ ಅಪರಾಧದ ಗುರುತು ಆದದ್ದು ನನ್ನನ್ನು ಕಾಡುತ್ತದೆ. ವಾರ್ಡನ್ ಬಾಗಿಲು ಬಡಿದಾಗಲೆಲ್ಲ ಸ್ಮಿತ್ ನೆನಪಾಗುತ್ತಾನೆ (ಹೋಲಿಕೆ ಅತಿಯಾಯಿತು, ಗೊತ್ತು).

ಎಣ್ಣೆಯ ನಂತರ ಬಂದದ್ದು ಸಿಲಿಂಡರ್. ಬ್ಯುಟೇನ್ ಸೊನ್ನೆ ಡಿಗ್ರಿಯ ಹತ್ತಿರ ಆವಿಯಾಗಲು ಮುಷ್ಕರ ಹೂಡುತ್ತದೆ. ಹಾಗಾಗಿ ಚಳಿಗಾಲಕ್ಕೆ ಪ್ರೊಪೇನ್ ಬೇಕು. ಈ ಅನಿಲಗಳು ಗಾಳಿಗಿಂತ ಭಾರ. ಸೋರಿದರೆ ಇಳಿದು ಹೋಗಲೆಂದು ಕ್ಯಾರವಾನಿನ ನೆಲದಲ್ಲೇ ತೂತು ಬಿಟ್ಟಿರುತ್ತಾರೆ. ಮುಚ್ಚಿದ ಪೆಟ್ಟಿಗೆಯಂಥ ಮನೆಯಲ್ಲಿ ಜ್ವಾಲೆಯೆಂದರೆ ಕಾರ್ಬನ್ ಮೊನಾಕ್ಸೈಡಿನ ಭಯವೂ ಇದ್ದದ್ದೇ.

ಜ್ವಾಲೆಯಿಲ್ಲದ ಒಲೆಯ ಬೀಜ ಫ್ಯಾರಡೆಯ 1831ರ ಪ್ರಯೋಗದಲ್ಲೇ ಇತ್ತು. ಸುರುಳಿಯಲ್ಲಿ ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ವಿದ್ಯುತ್ತು ಹರಿದರೆ, ಮೇಲಿಟ್ಟ ಕಬ್ಬಿಣದ ತಳದಲ್ಲೇ ವಿದ್ಯುತ್ತಿನ ಸುಳಿಗಳೆದ್ದು ಪಾತ್ರೆ ತಾನೇ ಕಾಯುತ್ತದೆ. 1950ರ ದಶಕದಲ್ಲಿ ಅಮೆರಿಕದ ಫ್ರಿಜಿಡೇರ್ ಕಂಪನಿ ಒಲೆಗೂ ಪಾತ್ರೆಗೂ ನಡುವೆ ಪತ್ರಿಕೆ ಹಾಸಿ ನೀರು ಕುದಿಸಿ ತೋರಿಸಿತು. ಮುಂದೆ 1970ರ ದಶಕದ ಆರಂಭದಲ್ಲಿ ವೆಸ್ಟಿಂಗ್‌ಹೌಸ್ ಮನೆಬಳಕೆಯ ಇಂಡಕ್ಷನ್ ಒಲೆ ತಂದಿತು.

ಗಾಲಿಮನೆಗೆ ಹೇಳಿ ಮಾಡಿಸಿದ ಒಲೆ ಎನಿಸುತ್ತದೆ. ತೊಡಕಿರುವುದು ಲೆಕ್ಕದಲ್ಲಿ. ಬ್ರಿಟನ್ನಿನ ಶಿಬಿರಗಳಲ್ಲಿ ಸಾಮಾನ್ಯವಾಗಿ 16 ಆಂಪಿಯರ್ ಸಿಕ್ಕರೆ, ಯುರೋಪಿನ ಕೆಲವೆಡೆ ಬರೀ 6. ಅಂದರೆ 230 ವೋಲ್ಟಿನಲ್ಲಿ 1380 ವ್ಯಾಟ್. 2000 ವ್ಯಾಟಿನ ಒಲೆ ಪೂರ್ತಿ ಹಚ್ಚಿದರೆ ಕತ್ತಲು. ಬ್ಯಾಟರಿಯದು ಇನ್ನೂ ಬಿಗಿ. 12 ವೋಲ್ಟಿನ 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಅರ್ಧದಷ್ಟು, ಸುಮಾರು 600 ವ್ಯಾಟ್-ಗಂಟೆ ಮಾತ್ರ ಬಳಸುವುದು ಕ್ಷೇಮ. 1200 ವ್ಯಾಟಿನಲ್ಲಿ ಕಾಲು ಗಂಟೆ ಕುಕ್ಕರ್ ಇಟ್ಟರೆ ಅದರಲ್ಲಿ ಅರ್ಧ ಖಾಲಿ. ಉರಿ ಸಣ್ಣ ಮಾಡಿದರೂ ಹಲವು ಅಗ್ಗದ ಒಲೆಗಳು ಪೂರ್ತಿ ವಿದ್ಯುತ್ತನ್ನೇ ಬಿಟ್ಟು ಬಿಟ್ಟು ಎಳೆಯುತ್ತವೆ. ಲಿಥಿಯಂ ಬ್ಯಾಟರಿ, ಸೌರಫಲಕ ಇದ್ದವರಿಗೆ ಈ ಕಷ್ಟ ಕಡಿಮೆ. ಅವುಗಳ ಬೆಲೆ ಕೇಳಿದರೆ ಮತ್ತೆ ಸ್ಟೇಬಲ್ಸನೇ ನೆನಪಾಗುತ್ತಾನೆ.

ಗೆಳೆಯ ಅವ್ವ ಕೊಟ್ಟ ಹಿತ್ತಾಳೆಯ ಬೋಗುಣಿಯನ್ನು ಕ್ಯಾರವಾನಿಗೂ ಒಯ್ದಿದ್ದ. ಇಂಡಕ್ಷನ್ ಅದನ್ನು ಪಾತ್ರೆಯೆಂದೇ ಒಪ್ಪಲಿಲ್ಲ. ಹೊರಗೆ ಬೆಂಕಿ ಹಾಕೋಣವೆಂದರೆ ಶಿಬಿರದಲ್ಲಿ ನಿಷೇಧ. ಆಯಸ್ಕಾಂತ ಹಿಡಿದು ಅಂಗಡಿ ಸುತ್ತಿ, ತಳಕ್ಕೆ ಅಂಟಿದ ಸ್ಟೀಲ್ ಪಾತ್ರೆಯೊಂದನ್ನು ಕೊಂಡನಂತೆ. ಬೋಗುಣಿಯಲ್ಲಿ ಈಗ ಫೋನ್ ಚಾರ್ಜರುಗಳನ್ನು ಇಡುತ್ತಾನೆ.