ಮೂರ್ಛೆರೋಗದ ಮಾತ್ರೆ ತಲೆನೋವಿಗೆ ಬಂದ ದಾರಿ: ಸಂಕ್ಟ್ ಮತ್ತು ಲ್ಯಾಮೋಟ್ರಿಜಿನ್

ನಾರ್ವೆಯ ನರತಜ್ಞ ಓತ್ತಾರ್ ಶೋಸ್ಟಾಡ್ ಮತ್ತು ಸಂಗಡಿಗರು 1978ರಲ್ಲಿ ಒಂದು ವಿಚಿತ್ರ ತಲೆನೋವನ್ನು ವರದಿ ಮಾಡಿದರು. ನೋವು ಒಂದೇ ಬದಿಗೆ, ಕಣ್ಣಿನ ಸುತ್ತಮುತ್ತ. ಬಂದರೆ ಕೆಲವು ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ. ಅಷ್ಟರಲ್ಲೇ ಆ ಬದಿಯ ಕಣ್ಣು ಕೆಂಪೇರಿ ನೀರು ಸುರಿಯುತ್ತದೆ, ಮೂಗು ಸೋರುತ್ತದೆ. ನಿಂತಿತು ಎನ್ನುವಷ್ಟರಲ್ಲಿ ಮತ್ತೊಂದು. ದಿನಕ್ಕೆ ಹತ್ತಾರು ಸಲ, ಕೆಲವರಿಗೆ ನೂರಾರು ಸಲ. ಮುಖ ತೊಳೆಯುವುದು, ಹಲ್ಲುಜ್ಜುವುದು, ಅಗಿಯುವುದು, ಕಡೆಗೆ ಗಾಳಿ ಸೋಕುವುದೂ ನೋವನ್ನು ಕೆರಳಿಸಬಲ್ಲದು. ಇದನ್ನು ಯಾವ ಕಾಯಿಲೆಯ ಸಾಲಿಗೆ ಸೇರಿಸಬೇಕೆಂಬ ತೊಡಕು ಆ ವರದಿಯ ಶೀರ್ಷಿಕೆಯಲ್ಲೇ ಇತ್ತು. 1989ರಲ್ಲಿ ಅದೇ ಬಳಗ ಇದನ್ನು ಬೇರೆಯದೇ ರೋಗಲಕ್ಷಣಕೂಟವೆಂದು ಮಂಡಿಸಿತು. ಅದರ ಉದ್ದನೆಯ ಹೆಸರಿನ ಮೊದಲಕ್ಷರಗಳು ಕೂಡಿ ‘ಸಂಕ್ಟ್’ ಎಂಬ ಹೆಸರು ನಿಂತಿತು.

ಇದಕ್ಕೆ ಇಂದು ವೈದ್ಯರು ಮೊದಲು ಬರೆಯುವ ಲ್ಯಾಮೋಟ್ರಿಜಿನ್ ಹುಟ್ಟಿದ್ದು ಮೂರ್ಛೆರೋಗಕ್ಕಾಗಿ. ಸೆಳವು ತಡೆಯುವ ಮದ್ದು ಮುಖದ ನೋವಿಗೆ ಹೇಗೆ ಬಂತು? ಎಳೆ ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್‌ಗೆ ಹೋಗುತ್ತದೆ. ಅಲ್ಲಿನ ವೈದ್ಯ ಅರ್ಮಾಂ ತ್ರೂಸೋ, ಈಗ ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎನ್ನುವ ಮುಖಶೂಲೆಯನ್ನು ‘ಮೂರ್ಛೆಯಂಥ ನರಶೂಲೆ’ ಎಂದು ಕರೆದರು. ಅದು ತಟ್ಟನೆ ಎರಗಿ ತಟ್ಟನೆ ಬಿಟ್ಟುಹೋಗುವ ರೀತಿಯಲ್ಲಿ ಅವರಿಗೆ ಸೆಳವಿನ ಲಕ್ಷಣ ಕಂಡಿತ್ತು. ರೋಗಿಯ ನಡವಳಿಕೆಯನ್ನಷ್ಟೇ ನೋಡಿ ಮಾಡಿದ ಈ ಊಹೆಗೆ ಆಗ ಪ್ರಯೋಗಾಲಯದ ಆಸರೆ ಇರಲಿಲ್ಲ, ಕೊಡಲು ತಕ್ಕ ಔಷಧವೂ ಇರಲಿಲ್ಲ. 1938ರಲ್ಲಿ ಬೋಸ್ಟನ್ನಿನ ಮೆರಿಟ್ ಮತ್ತು ಪಟ್ನಮ್ ಫೆನಿಟಾಯಿನ್ ಸೆಳವನ್ನು ತಡೆಯುತ್ತದೆಂದು ತೋರಿಸಿದರು. ನಾಲ್ಕೇ ವರ್ಷದಲ್ಲಿ, 1942ರಲ್ಲಿ, ಫ್ರಾನ್ಸಿನ ಬೆರ್ಗೂಇನ್ಯಾಂ ಅದನ್ನು ಮುಖಶೂಲೆಗೆ ಕೊಟ್ಟು ನೋಡಿದರು. ಇಪ್ಪತ್ತು ವರ್ಷದ ಬಳಿಕ ಸ್ವೀಡನ್ನಿನ ಬ್ಲೂಮ್ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಗೈಗಿ ಕಂಪನಿಯ ಹೊಸ ಮದ್ದು ಕಾರ್ಬಮಜೆಪಿನ್ ಬಗ್ಗೆ ಬರೆದರು. ಮುಖಶೂಲೆಗೆ ಅದು ಫೆನಿಟಾಯಿನ್‌ಗಿಂತ ಚೆನ್ನಾಗಿ ಒಗ್ಗಿತು. ಅಮೆರಿಕದ ಔಷಧ ನಿಯಂತ್ರಕರು ಕಾರ್ಬಮಜೆಪಿನ್‌ಗೆ ಮೊದಲು, 1968ರಲ್ಲಿ, ಒಪ್ಪಿಗೆ ಕೊಟ್ಟಿದ್ದು ಮುಖಶೂಲೆಗೇ. ಮೂರ್ಛೆರೋಗಕ್ಕೆ 1974ರವರೆಗೆ ಕಾಯಬೇಕಾಯಿತು.

ಇಷ್ಟಾದ ಮೇಲೆ ಸಂಕ್ಟ್‌ಗೂ ಇದೇ ಮದ್ದು ಹಿಡಿಯಬೇಕಿತ್ತು. ನೋವು ಅದೇ ನರದ್ದು, ಬರುವ ಬಗೆಯೂ ಹತ್ತಿರದ್ದು. ಆದರೆ 1995ರಲ್ಲಿ ಪರೇಹಾ, ಶೋಸ್ಟಾಡ್ ಮತ್ತಿತರರು ಅದುವರೆಗೆ ಕೊಟ್ಟು ನೋಡಿದ ಔಷಧ, ನರದ ಬಳಿಯ ಅರಿವಳಿಕೆ ಚುಚ್ಚುಮದ್ದುಗಳ ಲೆಕ್ಕ ಒಪ್ಪಿಸಿದಾಗ ಕೈಗೆ ಹತ್ತಿದ್ದು ಅತ್ಯಲ್ಪ. ಕಾರ್ಬಮಜೆಪಿನ್‌ನಿಂದ ಕೆಲವರಿಗೆ ಅರೆಬರೆ ಉಪಶಮನ, ಅಷ್ಟೆ. ಶೋಸ್ಟಾಡ್ ತಾವೇ ಮೊದಲು ಗುರುತಿಸಿದ್ದ ಇನ್ನೊಂದು ತಲೆನೋವಿಗೆ ಇಂಡೊಮೆಥಾಸಿನ್ ರಾಮಬಾಣವಾಗಿತ್ತು. ಇಲ್ಲಿ ಅದೂ ಕೈಕೊಟ್ಟಿತು. ಸಂಕ್ಟ್ ಮದ್ದಿಗೆ ಮಣಿಯದ ನೋವು ಎಂಬ ಮಾತು ಹೀಗೆ ಬೇರೂರಿತು. ಬೆರಳೆಣಿಕೆಯ ರೋಗಿಗಳ ಮೇಲೆ ನಿಂತ ಆ ತೀರ್ಪು ತುಸು ಅವಸರದ್ದೆಂದೇ ನನ್ನ ಎಣಿಕೆ.

ಲ್ಯಾಮೋಟ್ರಿಜಿನ್ ಬಂದ ದಾರಿ ಇನ್ನೂ ವಕ್ರ. ಫೆನಿಟಾಯಿನ್‌ನಂಥ ಮದ್ದು ತೆಗೆದುಕೊಳ್ಳುವವರ ರಕ್ತದಲ್ಲಿ ಫೋಲೇಟ್ ಕಡಿಮೆಯಾಗುವುದನ್ನು 1960ರ ದಶಕದಲ್ಲಿ ಗಮನಿಸಲಾಗಿತ್ತು. ಹಾಗಾದರೆ ಫೋಲೇಟ್ ತಗ್ಗಿಸುವುದರಿಂದಲೇ ಸೆಳವು ನಿಲ್ಲುತ್ತಿರಬಹುದೇ? ಈ ತರ್ಕ ಹಿಡಿದು ಬ್ರಿಟನ್ನಿನ ವೆಲ್‌ಕಮ್ ಸಂಸ್ಥೆ ಫೋಲೇಟ್‌ವಿರೋಧಿ ರಾಸಾಯನಿಕಗಳನ್ನು ಪರೀಕ್ಷಿಸಿತು. ಸಿಕ್ಕ ಲ್ಯಾಮೋಟ್ರಿಜಿನ್ ಸೆಳವನ್ನೇನೋ ತಡೆಯಿತು, ಆದರೆ ಅದರ ಫೋಲೇಟ್‌ವಿರೋಧಿ ಗುಣ ತೀರಾ ದುರ್ಬಲ. ಅದು ಕೆಲಸ ಮಾಡುವುದು ನರಕೋಶದ ಸೋಡಿಯಂ ಚಾನೆಲ್‌ಗಳನ್ನು ಅದುಮಿ, ಮತ್ತೆ ಮತ್ತೆ ಸಿಡಿಯುವ ನರವನ್ನು ತಣಿಸಿ. ತರ್ಕ ತಪ್ಪಿದರೂ ಮದ್ದು ದಕ್ಕಿತು.

ಅದನ್ನು ಸಂಕ್ಟ್‌ಗೆ ಕೊಟ್ಟು ಫಲ ಕಂಡವರು ಇಟಲಿಯ ದಾಂದ್ರೇಯಾ ಮತ್ತು ಸಂಗಡಿಗರು. ವರದಿ 1999ರಲ್ಲಿ ‘ನ್ಯೂರಾಲಜಿ’ ಪತ್ರಿಕೆಯಲ್ಲಿ ಬಂತು. ಆಮೇಲೆ ಗ್ಯಾಬಪೆಂಟಿನ್, ಟೋಪಿರಮೇಟ್ ಹೀಗೆ ಇತರ ಮೂರ್ಛೆಮದ್ದುಗಳ ವರದಿಗಳೂ ಒಂದರ ಹಿಂದೊಂದು ಬಂದವು. ಭಾರತದ ಮೊದಲ ರೋಗಿಯೆಂದು ದಾಖಲಾದ ಪ್ರಕರಣವನ್ನು ಚಕ್ರವರ್ತಿ ಮತ್ತು ಮುಖರ್ಜಿ 2003ರಲ್ಲಿ ‘ಸೆಫಲಾಲ್ಜಿಯಾ’ದಲ್ಲಿ ಪ್ರಕಟಿಸಿದರು. ಆ ರೋಗಿಗೂ ಹಿಡಿಸಿದ್ದು ಲ್ಯಾಮೋಟ್ರಿಜಿನ್ನೇ.

ಒಬ್ಬಿಬ್ಬರ ವರದಿಗಳಲ್ಲಿ ಒಂದು ಅಪಾಯವಿದೆ: ಗುಣ ಕಂಡ ರೋಗಿ ಅಚ್ಚಾಗುತ್ತಾನೆ, ಕಾಣದವನು ಕಡತದಲ್ಲೇ ಉಳಿಯುತ್ತಾನೆ. ಮೇಲಾಗಿ ಸಂಕ್ಟ್ ತಾನಾಗಿಯೂ ಕೆಲಕಾಲ ಅಡಗುವ ಕಾಯಿಲೆ. ಅಡಗಿದ ಶ್ರೇಯಸ್ಸು ಆಗ ಬಾಯಲ್ಲಿದ್ದ ಮಾತ್ರೆಗೆ ಸಲ್ಲಿಬಿಡುತ್ತದೆ. ಆದ್ದರಿಂದ ಲಂಡನ್ನಿನ ತಂಡ 2021ರಲ್ಲಿ ಪ್ರಕಟಿಸಿದ 161 ರೋಗಿಗಳ ಅಧ್ಯಯನಕ್ಕೆ ತೂಕವಿದೆ. ಅದರಲ್ಲಿ ಲ್ಯಾಮೋಟ್ರಿಜಿನ್ ಫಲಿಸಿದ್ದು ಶೇ. 56 ಮಂದಿಗೆ. ಕೈಲಾಗದ್ದೆಂದು ಬದಿಗೆ ಸರಿಸಿದ್ದ ಕಾರ್ಬಮಜೆಪಿನ್ ಕೂಡ ಸುಮಾರು ನಾಲ್ವರಲ್ಲಿ ಒಬ್ಬರಿಗೆ ನೆರವಾಗಿತ್ತು. ಈ ಅಧ್ಯಯನದಲ್ಲೂ ಯಾವ ಮಾತ್ರೆ ಎಂದು ರೋಗಿಗೂ ವೈದ್ಯರಿಗೂ ಗೊತ್ತಿತ್ತು ಎಂಬುದನ್ನು ಮರೆಯುವಂತಿಲ್ಲ.

ಮದ್ದಿಗೆ ಸಿಕ್ಕ ಉತ್ತರ ರೋಗದ ವಂಶಾವಳಿಯ ಜಗಳಕ್ಕೂ ಸಾಕ್ಷಿಯಾಯಿತು. 1999ರಲ್ಲೇ ಒಬ್ಬ ರೋಗಿಗೆ ನೋವಿನ ವೇಳೆ ಮಾಡಿದ ಮೆದುಳಿನ ಚಿತ್ರಣದಲ್ಲಿ ಹೈಪೊಥಲಾಮಸ್ ಚುರುಕಾಗಿದ್ದು ಕಂಡಿತ್ತು. ಕ್ಲಸ್ಟರ್ ತಲೆನೋವಿನ ನಂಟು ಹೇಳುವವರಿಗೆ ಅದೇ ಆಧಾರ. ಸೋಡಿಯಂ ಚಾನೆಲ್ ತಡೆಯುವ ಮದ್ದುಗಳ ಯಶಸ್ಸನ್ನು ಮುಖಶೂಲೆಯ ನಂಟಿಗೆ ಪುರಾವೆಯಾಗಿ ಎತ್ತುವವರೂ ಇದ್ದಾರೆ. ಆದರೂ ಮುಖಶೂಲೆಯಲ್ಲಿ ಒಮ್ಮೆ ಸಿಡಿದ ನೋವು ಕೆಲಹೊತ್ತು ಮತ್ತೆ ಕೆರಳದು, ಸಂಕ್ಟ್‌ನಲ್ಲಿ ಸಾಮಾನ್ಯವಾಗಿ ಆ ಬಿಡುವಿಲ್ಲ. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣ 2004ರಲ್ಲಿ ಸಂಕ್ಟ್ ಅನ್ನು ಕ್ಲಸ್ಟರ್ ಇರುವ ಅಧ್ಯಾಯಕ್ಕೇ ಸೇರಿಸಿತು, ಇಂದಿಗೂ ಅಲ್ಲೇ ಇದೆ.

ಚಿಕಿತ್ಸೆಯ ಕಷ್ಟ ಬೇರೆಯೇ. ಲ್ಯಾಮೋಟ್ರಿಜಿನ್ ಡೋಸ್ ಬೇಗ ಏರಿಸಿದರೆ ಮೈಮೇಲೆ ದದ್ದು ಏಳುವ, ಅಪರೂಪಕ್ಕೆ ಚರ್ಮವೇ ಸುಲಿದು ಜೀವಕ್ಕೆ ಕುತ್ತಾಗುವ ಭಯವಿದೆ. ಹಾಗಾಗಿ ದಿನಕ್ಕೆ 25 ಮಿಲಿಗ್ರಾಂನಿಂದ ಶುರುಮಾಡಿ ಎರಡು ವಾರ, ಆಮೇಲೆ 50ಕ್ಕೆ ಮತ್ತೆರಡು ವಾರ, ಮುಂದೆಯೂ ಹಂತ ಹಂತವಾಗಿ. ಜೊತೆಗೆ ವ್ಯಾಲ್ಪ್ರೊಯೇಟ್ ಇದ್ದರೆ ಇನ್ನೂ ನಿಧಾನ. ನೋವೋ ನಿಮಿಷಕ್ಕೊಮ್ಮೆ ಬರುತ್ತಿರುತ್ತದೆ. ತೀರಾ ತಡೆಯಲಾರದವರನ್ನು ಆಸ್ಪತ್ರೆಗೆ ಸೇರಿಸಿ, ಹೃದಯದ ಲಯದ ಮೇಲೆ ಕಣ್ಣಿಟ್ಟು, ಲಿಡೊಕೇಯ್ನ್ ಅನ್ನು ರಕ್ತನಾಳಕ್ಕೆ ಹನಿಸುತ್ತಾರೆ; ಮಾತ್ರೆ ತನ್ನ ಡೋಸ್ ಮುಟ್ಟುವವರೆಗಿನ ವಾರಗಳನ್ನು ದಾಟಿಸಲು.