ಗೃಹಬಳಕೆಯ ಹಳೆಯ ವಸ್ತುಗಳ ಮರುಬಳಕೆ: ಸಾರ್ವಜನಿಕರಿಗೆ ಮಾಹಿತಿ

ಗೃಹಬಳಕೆಯ ಅನೇಕ ವಸ್ತುಗಳನ್ನು ಬಿಸಾಡುವ ಮುನ್ನ ಮನೆ ಹಾಗೂ ಕೈತೋಟದಲ್ಲಿ ಮತ್ತೊಮ್ಮೆ ಉಪಯೋಗಿಸಬಹುದಾಗಿದೆ. ಇದರಿಂದ ಕುಟುಂಬದ ವೆಚ್ಚ ಹಾಗೂ ಕಸದ ಪ್ರಮಾಣ ಎರಡೂ ಕಡಿಮೆಯಾಗುತ್ತವೆ. ಕೆಲವು ಸುಲಭ ಕ್ರಮಗಳು ಕೆಳಕಂಡಂತಿವೆ:

1. ಹಾಲಿನ ಖಾಲಿ ಪ್ಯಾಕೆಟ್: ತೊಳೆದು, ತಳದಲ್ಲಿ ರಂಧ್ರಗಳನ್ನು ಮಾಡಿ, ಮಣ್ಣು ಮತ್ತು ಗೊಬ್ಬರ ತುಂಬಿ ನುಗ್ಗೆ, ಪಪ್ಪಾಯಿ ಮೊದಲಾದ ಸಸಿಗಳನ್ನು ಬೆಳೆಸಬಹುದು. ನಾಟಿ ಮಾಡುವಾಗ ಪ್ಯಾಕೆಟನ್ನು ತೆಗೆದುಹಾಕತಕ್ಕದ್ದು.

2. ತೆಂಗಿನ ನಾರು: ಗಿಡಗಳ ಬುಡಕ್ಕೆ ಹೊದಿಸಿದಲ್ಲಿ ಮಣ್ಣಿನ ತೇವಾಂಶ ಬೇಗನೆ ಆರುವುದಿಲ್ಲ.

3. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು: ಉಪ್ಪು ಅಥವಾ ಸೋಪು ಬೆರೆಯದಿದ್ದಲ್ಲಿ ಗಿಡಗಳಿಗೆ ಹಾಕಬಹುದು.

4. ಹಳೆಯ ಹತ್ತಿ ಸೀರೆ, ಪಂಚೆ: ಉತ್ತರ ಕರ್ನಾಟಕದ ಮನೆಗಳಲ್ಲಿ ರೂಢಿಯಲ್ಲಿರುವಂತೆ ಕೌದಿ ಹೊಲಿಯಬಹುದು, ಕೈಚೀಲ, ಒರೆಸುವ ಬಟ್ಟೆಗಳಾಗಿಯೂ ಉಪಯೋಗಿಸಬಹುದು.

ಮುಖ್ಯ ಎಚ್ಚರಿಕೆಗಳು

ಹೊರಗೆ ಇಟ್ಟ ಕರಟ, ಟೈರ್, ಡಬ್ಬ, ಕುಂಡದ ತಟ್ಟೆಗಳಲ್ಲಿ ನಿಂತ ನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಉತ್ಪತ್ತಿ ತಾಣವಾಗುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಸಾಮಾನ್ಯವಾಗಿ 7ರಿಂದ 10 ದಿನಗಳು ಸಾಕು. ಪಾತ್ರೆಯ ಒಳಬದಿಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯಬಲ್ಲವಾದ್ದರಿಂದ ಕೇವಲ ನೀರು ಚೆಲ್ಲಿದರೆ ಸಾಲದು. ವಾರಕ್ಕೊಮ್ಮೆಯಾದರೂ ನೀರು ಚೆಲ್ಲಿ, ಒಳಭಾಗವನ್ನು ಉಜ್ಜಿ ತೊಳೆದು ಒಣಗಿಸತಕ್ಕದ್ದು. ಗಿಡ ಬೆಳೆಸುವ ಡಬ್ಬಗಳ ತಳಕ್ಕೆ ರಂಧ್ರ ಮಾಡಬೇಕು. ಬಳಸದ ಡಬ್ಬಗಳನ್ನು ಬೋರಲು ಹಾಕಿಡಬೇಕು.

ಕೀಟನಾಶಕ ತುಂಬಿದ್ದ ಡಬ್ಬಗಳನ್ನು ಎಷ್ಟೇ ತೊಳೆದರೂ ನೀರು, ಆಹಾರ ಅಥವಾ ದನಕರುಗಳ ಮೇವು ತುಂಬಿಡಲು ಬಳಸಕೂಡದು. ಅವುಗಳನ್ನು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳತಕ್ಕದ್ದು.