ಕರುಳನ್ನು ಉಳಿಸಿದ ಕಥೆ

ದೊಡ್ಡಬಳ್ಳಾಪುರದ ಸಮೀಪದ ಹಳ್ಳಿಯೊಂದರಿಂದ ನನ್ನ ಸೋದರಳಿಯನನ್ನು ಒಂದು ರಾತ್ರಿ ಬೆಂಗಳೂರಿನ ಆಸ್ಪತ್ರೆಗೆ ಕರೆತಂದರು. ಬಲಗಡೆಯ ಕೆಳಹೊಟ್ಟೆಯಲ್ಲಿ ತಾಳಲಾರದ ನೋವು, ಜೊತೆಗೆ ಜ್ವರ. ಅಪೆಂಡಿಕ್ಸ್ ಇರಬೇಕೆಂದು ಹೊಟ್ಟೆ ತೆರೆದ ಶಸ್ತ್ರವೈದ್ಯರಿಗೆ ಕಂಡದ್ದೇ ಬೇರೆ. ಸಣ್ಣ ಕರುಳಿನ ಕೊನೆಯ ಗೇಣುದ್ದದ ಭಾಗ ಕೆಂಪಗೆ, ದಪ್ಪಗೆ ಬಾತುಕೊಂಡಿತ್ತು. ಅವರು ಪಕ್ಕದ ಗ್ರಂಥಿಯೊಂದನ್ನು ಪರೀಕ್ಷೆಗೆ ತೆಗೆದುಕೊಂಡು, ಕರುಳನ್ನು ಹಾಗೆಯೇ ಬಿಟ್ಟು, ಹೊಟ್ಟೆಯನ್ನು ಮುಚ್ಚಿದರು. "ಕೆಟ್ಟದ್ದನ್ನು ಕೊಯ್ದು ತೆಗೆಯಲಿಲ್ಲವೇಕೆ?" ಎಂದು ಮನೆಯವರು ಅಸಮಾಧಾನಗೊಂಡರು. ಹಾಗೆ ತೆಗೆಯದೆ ಬಿಟ್ಟದ್ದರ ಹಿಂದೆ ನೂರು ವರ್ಷಗಳಿಗೂ ಮಿಕ್ಕಿದ ಚರಿತ್ರೆಯಿದೆ.

1913ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಕೆನೆಡಿ ಡಾಲ್ಜಿಯೆಲ್ ಕ್ಷಯದಂತೆಯೇ ತೋರುವ, ಆದರೆ ಕ್ಷಯದ ಕ್ರಿಮಿ ಕಾಣಸಿಗದ ಕರುಳಿನ ಉರಿಯೂತವೊಂದನ್ನು ವರ್ಣಿಸಿದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು 14 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದರು. ಆ ರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದ ಬರ್ಗ್ ಅವರ ಹೆಸರು ಲೇಖನದ ತಲೆಯಲ್ಲಿರಲಿಲ್ಲ. ಅಕ್ಷರಾನುಕ್ರಮದಲ್ಲಿ ಮೊದಲು ನಿಂತ ಕ್ರೋನ್ ಅವರ ಹೆಸರೇ ರೋಗದ ಹೆಸರಾಯಿತು!

ಕೆಟ್ಟ ಭಾಗವನ್ನು ಧಾರಾಳವಾಗಿ ಕತ್ತರಿಸಿದರೆ ರೋಗ ತೊಲಗುವುದೆಂಬುದು ಅಂದಿನ ನಂಬಿಕೆ. ಆದರೆ ಕತ್ತರಿಸಿ ಹೊಲಿದ ಜಾಗದಲ್ಲೇ ರೋಗ ಮತ್ತೆ ತಲೆಯೆತ್ತುತ್ತಿತ್ತು. ಮತ್ತೆ ಕತ್ತರಿ, ಮತ್ತೆ ಹೊಲಿಗೆ. ಕೊನೆಗೆ ಉಂಡ ಅನ್ನ ಮೈಗೆ ಹತ್ತದಷ್ಟು ಕರುಳು ಮೊಟಕಾಗುತ್ತಿತ್ತು. 1956ರ ಜೂನ್ ತಿಂಗಳಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಕರುಳು ಇದೇ ರೋಗದಿಂದ ಕಟ್ಟಿಕೊಂಡಾಗ, ವೈದ್ಯರು ನಡುರಾತ್ರಿ ಕಳೆದ ಮೇಲೆ ಶಸ್ತ್ರಚಿಕಿತ್ಸೆಗೆ ಇಳಿದರು. ರೋಗದ ಭಾಗವನ್ನು ತೆಗೆಯದೆ, ಅದನ್ನು ಬಳಸಿ ಹೋಗುವ ಅಡ್ಡದಾರಿಯೊಂದನ್ನು ಹೊಲಿದರು. ಅಧ್ಯಕ್ಷರು ಅದೇ ನವೆಂಬರಿನಲ್ಲಿ ಮತ್ತೆ ಚುನಾವಣೆ ಗೆದ್ದರು. ಆದರೂ ಒಳಗೇ ಉಳಿದ ರೋಗದ ಭಾಗ ಮುಂದೆ ಕಾಡುತ್ತದೆಂದು ಕಂಡುಬಂದು ಆ ಪದ್ಧತಿ ಹಿಂದೆ ಸರಿಯಿತು.

ನಮ್ಮ ನಾಡಿನಲ್ಲಿ ಈ ಪ್ರಶ್ನೆ ಇನ್ನೂ ಜಟಿಲ. ಇಲ್ಲಿ ಕ್ಷಯವೇ ಹಳೆಯ ವೈರಿ. ದೇವನಹಳ್ಳಿಯ ಕಡೆಗೆ ಸಾಗುವ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿದೆ. ಅದು 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಶ್ವಾಸಕೋಶದ ಕ್ಷಯವನ್ನು ಅಳೆದುನೋಡಿತು. ಕ್ಷಯ ಕರುಳಿಗೂ ಇಳಿಯುತ್ತದೆ. ತೆರೆದ ಹೊಟ್ಟೆಯಲ್ಲಿ ಕಣ್ಣಳತೆಯಿಂದಲೇ ಅದನ್ನು ಕ್ರೋನ್ ರೋಗದಿಂದ ಬೇರ್ಪಡಿಸುವುದು ಕಷ್ಟ. ತಪ್ಪು ಎಣಿಕೆಯಿಂದ ಕ್ಷಯರೋಗಿಗೆ ಸ್ಟೀರಾಯ್ಡ್ ಕೊಟ್ಟರೆ ಕ್ಷಯ ಉಲ್ಬಣಿಸುತ್ತದೆ. ಗ್ರಂಥಿಯನ್ನು ಪರೀಕ್ಷೆಗೆ ತೆಗೆದುಕೊಂಡದ್ದು ಇದಕ್ಕಾಗಿ.

ಈ ಹಳೆಯ ವೈರಿಯೇ ಹೊಸ ವಿದ್ಯೆಯನ್ನೂ ಕಲಿಸಿತು. ಚಂಡೀಗಢದ ಕಟಾರಿಯಾ ಮತ್ತು ಸಂಗಡಿಗರು ಕ್ಷಯದಿಂದ ಕಿರಿದಾದ ಕರುಳನ್ನು ತುಂಡರಿಸದೆ, ಇಕ್ಕಟ್ಟಾದ ಕಡೆ ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿದು ಅಗಲಮಾಡಿದ ಕ್ರಮವನ್ನು 1977ರಲ್ಲಿ ಪ್ರಕಟಿಸಿದರು. 1982ರಲ್ಲಿ ಆಕ್ಸ್‌ಫರ್ಡಿನ ಎಮ್ಯಾನುಯೆಲ್ ಲೀ ಅದೇ ಬಗೆಯ ಚಿಕಿತ್ಸೆಯನ್ನು ಕ್ರೋನ್ ರೋಗಿಗಳಲ್ಲಿ ನಡೆಸಿದ್ದನ್ನು ವರದಿಮಾಡಿದರು. ರೋಗದ ಆಚೆಗೆ 12 ಸೆಂಟಿಮೀಟರ್ ಕತ್ತರಿಸಿದರೂ 2 ಸೆಂಟಿಮೀಟರ್ ಕತ್ತರಿಸಿದರೂ ರೋಗ ಮರುಕಳಿಸುವುದರಲ್ಲಿ ಗಣನೀಯ ಭೇದವಿಲ್ಲವೆಂದು 1996ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ವೈದ್ಯರು ತೋರಿಸಿದರು.

ಇಂದಿನ ನಿಯಮ ಇದು: ಕರುಳು ತೂತಾಗಿದ್ದರೆ, ಅಥವಾ ಕಟ್ಟಿಕೊಂಡು ಬೇರೆ ದಾರಿಯಿಲ್ಲದಿದ್ದರೆ, ಬೇಕಾದಷ್ಟನ್ನೇ ತೆಗೆಯಬೇಕು, ಹೀಗೆ ಅನಿರೀಕ್ಷಿತವಾಗಿ ಕಂಡ ಬರಿಯ ಊತವಾದರೆ ಸಾಮಾನ್ಯವಾಗಿ ಮುಟ್ಟದೆ ಔಷಧಕ್ಕೆ ಬಿಡಬೇಕು.

ನನ್ನ ಸೋದರಳಿಯನ ಗ್ರಂಥಿಯಲ್ಲಿ ಕ್ಷಯದ ಗುರುತು ಸಿಕ್ಕಲಿಲ್ಲ. ಮುಂದಿನ ಪರೀಕ್ಷೆಗಳು ಕ್ರೋನ್ ರೋಗವೆಂದವು. ಔಷಧ ನಡೆದಿದೆ, ಊತ ಇಳಿದಿದೆ. ರೋಗ ಪೂರ್ತಿ ಬಿಟ್ಟುಹೋಗಿಲ್ಲ, ಆದರೆ ಅವನ ಕರುಳು ಅವನಲ್ಲಿಯೇ ಇದೆ. ಅಂದು ಅಸಮಾಧಾನಗೊಂಡ ಅವನ ತಾಯಿ, ನನ್ನ ತಂಗಿ, ಈಗ ಆ ವೈದ್ಯರನ್ನು ನೆನೆಯದ ದಿನವಿಲ್ಲ. ಕತ್ತಿ ಹಿಡಿದ ಕೈ ತನ್ನನ್ನು ತಾನು ತಡೆದುಕೊಳ್ಳಲು ಕಲಿತದ್ದೂ ವೈದ್ಯಶಾಸ್ತ್ರದ ಒಂದು ಮುನ್ನಡೆ.